ಆಫ್‌ಲೈನ್ ಎಂದವರು ಯಾರು?

ಶನಿವಾರ, ಸಂಜೆ ಏಳರ ಹೊತ್ತು. ವಿಜಯನಗರ ಮೆಟ್ರೋ ನಿಲ್ದಾಣದಲ್ಲಿ ಇಳಿದು ಹಂಪಿನಗರದ ಕಡೆ ನಡೆಯುತ್ತಿದ್ದೀರಿ. ದಾರಿಯುದ್ದಕ್ಕೂ ಕೋಚಿಂಗ್ ಸೆಂಟರುಗಳ ಫಲಕಗಳು: ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳದಿಂದ ಬಂದ ಹುಡುಗ ಹುಡುಗಿಯರು ಇಲ್ಲಿನ ಪೀಜಿಗಳಲ್ಲಿ ಮಲಗಿ, ಮೆಸ್ಸುಗಳಲ್ಲಿ ಉಂಡು, ಹಂಪಿನಗರದ ಗ್ರಂಥಾಲಯದಲ್ಲಿ ಕೂತು ಓದುತ್ತಾರೆ. ನಾಳೆ ಬೆಳಿಗ್ಗೆ ಪರೀಕ್ಷೆ. ಇವತ್ತು ಅವರಿಗೆಲ್ಲ ಬೇಕಾದ್ದು ಒಂದೇ ಹಾಳೆ, ಹಾಲ್ ಟಿಕೆಟ್.

ಆ ಹಾಳೆ ಹೊರಬರುತ್ತಿಲ್ಲ.

ಜೆರಾಕ್ಸ್ ಅಂಗಡಿಯ ಅಡ್ಡಹಲಗೆ ಎತ್ತಿ ಒಳಗೆ ಬನ್ನಿ. ಎಡಕ್ಕೆ ಕಂಪ್ಯೂಟರು, ಬಲಕ್ಕೆ ಹಸಿರು ಲೆಡ್ಜರ್ ಪೇಪರಿನ ಕಟ್ಟು, ಬಾಡಿಗೆ ಕರಾರಿನ ನಮೂನೆಗಳು. ಹಿಂದಿನ ಗೋಡೆಗೆ ಒತ್ತಿಕೊಂಡು ಬಿಳಿ ಬಣ್ಣ ಹಳದಿಗೆ ತಿರುಗಿದ ಲೇಸರ್ ಪ್ರಿಂಟರು. ಅದರಿಂದ ಹೊರಟ ನೀಲಿ ಕೇಬಲ್ಲು ಗೋಡೆಗುಂಟ ರೌಟರಿನವರೆಗೆ ಹೋಗಿದೆ. ಪ್ರಿಂಟರಿನ ಪುಟ್ಟ ಪರದೆಯಲ್ಲಿ ‘ರೆಡಿ’ ಎಂದಿದೆ, ಕಂಪ್ಯೂಟರಿನ ಪರದೆಯಲ್ಲಿ ‘ಆಫ್‌ಲೈನ್’ ಎಂದಿದೆ. ಎರಡರ ನಡುವೆ ಏಳೆಂಟು ಅಡಿ ದೂರ.

“ಬೆಳಿಗ್ಗೆಯೆಲ್ಲ ಚೆನ್ನಾಗೇ ಇರತ್ತೆ ಕಣಪ್ಪಾ. ಸಾಯಂಕಾಲ ಆಯ್ತು ಅಂದ್ರೆ ಶುರು,” ಎನ್ನುತ್ತಾರೆ ಅಂಗಡಿಯ ಅಕ್ಕ, ರಿಪೇರಿಗೆ ಬಂದ ಹುಡುಗನಿಗೆ. “ಹೊಸದು ತಗೊಳ್ಳೋ ಕಾಲ ಬಂತೇನೋ?”

“ಇನ್ನೂ ಗೊತ್ತಿಲ್ಲ ಅಕ್ಕ. ಮೊದ್ಲು ಅದನ್ನೇ ಕೇಳೋಣ.”

ಅವನು ಕಂಪ್ಯೂಟರನ್ನು ಮುಟ್ಟುವುದಿಲ್ಲ. ಪ್ರಿಂಟರಿನ ಗುಂಡಿಗಳನ್ನೇ ಒತ್ತಿ ಅದರ ಸ್ವಂತ ಮಾಹಿತಿಯ ಪುಟ ಕೇಳುತ್ತಾನೆ. ಫ್ಯಾನು ಸದ್ದು ಮಾಡುತ್ತದೆ, ಒಳಗಿನ ಗೇರುಗಳು ತಿರುಗುತ್ತವೆ, ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ 200 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಬಿಸಿ ಕಾಗದದ ವಾಸನೆಯೊಂದಿಗೆ ಹಾಳೆ ಹೊರಬರುತ್ತದೆ. ಅಕ್ಷರ ಕಪ್ಪಗಿದೆ, ಅಂಚು ನೇರವಾಗಿದೆ. ಈ ಪುಟಕ್ಕೆ ಕಂಪ್ಯೂಟರೂ ಬೇಕಿಲ್ಲ, ಕೇಬಲ್ಲೂ ಬೇಕಿಲ್ಲ. ಇಷ್ಟರಲ್ಲೇ ಅರ್ಧ ಪ್ರಶ್ನೆ ಬಗೆಹರಿಯಿತು: ರೋಲರು, ಲೇಸರು, ಡ್ರಮ್ಮು, ಫ್ಯೂಸರು ನೆಟ್ಟಗಿವೆ. ತೊಂದರೆ ಇರುವುದು ಆ ಏಳೆಂಟು ಅಡಿಯಲ್ಲಿ.

ಹಾಳೆಯನ್ನು ನಿಮ್ಮ ಕೈಗೆ ಕೊಡುತ್ತಾನೆ. ಮೇಲೆ, ಜಾಲದಲ್ಲಿ ಪ್ರಿಂಟರಿನ ಮನೆ ನಂಬರಿನಂಥ ಐಪಿ ವಿಳಾಸ: 192.168.1.50. ಅದರ ಕೆಳಗೆ ಹನ್ನೆರಡು ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ. ಮೊದಲನೆಯದು ನಾವು ಕೊಟ್ಟದ್ದು, ಬದಲಾಗಬಹುದು. ಎರಡನೆಯದು ಕಾರ್ಖಾನೆಯಲ್ಲೇ ಕೊಟ್ಟದ್ದು.

ಹಾಗಾದರೆ ‘ಆಫ್‌ಲೈನ್’ ಎಂಬ ಮಾತು ಬಂದದ್ದೆಲ್ಲಿಂದ? ಕಂಪ್ಯೂಟರು ಆಗಾಗ ಪ್ರಿಂಟರನ್ನು ಹೇಗಿದ್ದೀಯೆಂದು ಕೇಳುತ್ತಿರುತ್ತದೆ. ಅದಕ್ಕೊಂದು ಗೊತ್ತಾದ ಭಾಷೆಯಿದೆ, ಎಸ್‌ಎನ್‌ಎಂಪಿ. 1988ರಲ್ಲಿ ಅದರ ನಿಯಮಗಳು ಮೊದಲು ಪ್ರಕಟವಾದವು. ಪ್ರಿಂಟರು ಏನೇನು ದೂರು ಹೇಳಬಹುದೆಂದು 1993ರಲ್ಲಿ ಒಂದು ಪಟ್ಟಿಯಾಯಿತು. ಅದರಲ್ಲಿದ್ದದ್ದು ಎಂಟೇ ದೂರು: ಕಾಗದ ಕಡಿಮೆಯಿದೆ, ಕಾಗದ ಇಲ್ಲ, ಟೋನರ್ ಕಡಿಮೆಯಿದೆ, ಟೋನರ್ ಇಲ್ಲ, ಬಾಗಿಲು ತೆರೆದಿದೆ, ಕಾಗದ ಸಿಕ್ಕಿಕೊಂಡಿದೆ, ಆಫ್‌ಲೈನ್ ಇದ್ದೇನೆ, ರಿಪೇರಿಯವರನ್ನು ಕರೆಯಿರಿ. ಈ ಕಾಲದ ಪರದೆಗಳಲ್ಲಿ ಮಿನುಗುವ ಎಚ್ಚರಿಕೆಗಳಲ್ಲಿ ಹಲವು ಆ ಪಟ್ಟಿಯಲ್ಲೇ ಇದ್ದವು. ಆದರೆ ಕೇಳಿದ್ದಕ್ಕೆ ಉತ್ತರವೇ ಬಾರದಿದ್ದರೆ? ಆಗಲೂ ಕಂಪ್ಯೂಟರು ‘ಆಫ್‌ಲೈನ್’ ಎಂದೇ ಬರೆದುಕೊಳ್ಳುತ್ತದೆ. ಪ್ರಿಂಟರು ಹೇಳಿದ್ದು ಯಾವುದು, ಕಂಪ್ಯೂಟರು ಊಹಿಸಿದ್ದು ಯಾವುದು ಎಂದು ಪರದೆ ನೋಡಿ ತಿಳಿಯಲಾಗದು.

ಕೌಂಟರಿನಾಚೆ ಜನ ಹೆಚ್ಚುತ್ತಿದ್ದಾರೆ. “ಅಕ್ಕಾರ, ನಂದು ಸೆಂಟರ್ ಕೆಂಗೇರಿ ಕಡೆ ಬಂದೈತ್ರಿ. ಮುಂಜಾನೆ ಲಗೂನ ಹೊಂಡಬೇಕು,” ಎನ್ನುತ್ತಾನೆ ಒಬ್ಬ. ಅವನ ಹಿಂದಿನವಳು ಗೋಡೆಯ ಮೇಲೆ ಬರೆದಿರುವ ವೈಫೈ ಪಾಸ್‌ವರ್ಡು ನೋಡಿ ಮೊಬೈಲಿಗೆ ಹಾಕಿಕೊಳ್ಳುತ್ತಿದ್ದಾಳೆ. ಫೈಲು ಕಳಿಸಲು ಸುಲಭವಾಗಲೆಂದು ಅಕ್ಕನೇ ಬರೆಸಿದ್ದು ಅದು.

ಹುಡುಗ ಈಗ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿ ತೆರೆದು 192.168.1.50ಕ್ಕೆ ಪಿಂಗ್ ಮಾಡುತ್ತಾನೆ, ಅಂದರೆ ‘ಇದ್ದೀಯಾ’ ಎಂದು ಕೂಗಿ ನೋಡುತ್ತಾನೆ. ಉತ್ತರ ಬರುತ್ತಿದೆ. ಆ ವಿಳಾಸದಲ್ಲಿ ಯಾರೋ ಇದ್ದಾರೆ. ಒಂದು ಉತ್ತರ ಬೇಗ, ಮುಂದಿನದು ತಡ, ಮತ್ತೊಂದು ಇನ್ನೂ ತಡ. ತಂತಿಯಲ್ಲಿ ಕಟ್ಟಿದ ಯಂತ್ರ ಹೀಗೆ ತಡವರಿಸುವುದಿಲ್ಲ. ಅವನು ಎದ್ದು ಹೋಗಿ ಪ್ರಿಂಟರಿನ ಹಿಂದಿನಿಂದ ನೀಲಿ ಕೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿಯುತ್ತಾನೆ.

“ಪರದೆ ನೋಡಿ ಅಕ್ಕ.”

ಉತ್ತರ ಇನ್ನೂ ಬರುತ್ತಲೇ ಇದೆ.

ಕೇಬಲ್ಲು ಅವನ ಕೈಯಲ್ಲಿದೆ, ಪ್ರಿಂಟರಿಗೆ ಬಾಯಿಲ್ಲ. ಆದರೂ 50ನೇ ವಿಳಾಸದಿಂದ ಯಾರೋ ಮಾತಾಡುತ್ತಿದ್ದಾರೆ. ಯಾವ ಐಪಿ ವಿಳಾಸದಲ್ಲಿ ಯಾವ ಯಂತ್ರವಿದೆ ಎಂದು ಕಂಪ್ಯೂಟರು ಬರೆದಿಟ್ಟುಕೊಂಡಿರುವ ಎಆರ್‌ಪಿ ಪಟ್ಟಿಯನ್ನು ಅವನು ತೆಗೆಯುತ್ತಾನೆ. ನಿಮ್ಮ ಕೈಯ ಹಾಳೆಯೊಂದಿಗೆ ಹೋಲಿಸಿ ನೋಡಿ. ಮ್ಯಾಕ್ ವಿಳಾಸ ಬೇರೆಯೇ ಇದೆ. ಅದರ ಎರಡನೇ ಅಕ್ಷರ ‘ಎ’. ಅಲ್ಲಿ 2, 6, ಎ, ಇ ಇವುಗಳಲ್ಲೊಂದಿದ್ದರೆ ಆ ವಿಳಾಸ ಕಾರ್ಖಾನೆಯದಲ್ಲ, ಯಂತ್ರ ತಾನೇ ಹುಟ್ಟಿಸಿಕೊಂಡದ್ದು. ಗುರುತು ಮರೆಸಲು ಈಗಿನ ಸ್ಮಾರ್ಟ್‌ಫೋನುಗಳು ಹೀಗೆ ಮಾಡುತ್ತವೆ. ಕೌಂಟರಿನಾಚೆ ನಿಂತವರಲ್ಲಿ ಯಾರದೋ ಮೊಬೈಲು ಪ್ರಿಂಟರಿನ ವಿಳಾಸದಲ್ಲಿ ಕೂತಿದೆ.

ಅದು ಆ ಮೊಬೈಲಿನವರ ತಪ್ಪಲ್ಲ. ವೈಫೈಗೆ ಸೇರಿದ ಪ್ರತಿ ಯಂತ್ರಕ್ಕೂ ರೌಟರು ಒಂದೊಂದು ನಂಬರು ಹಂಚುತ್ತದೆ. ಡಿಎಚ್‌ಸಿಪಿ ಎನ್ನುವ ಏರ್ಪಾಡು. ಈ ರೌಟರು ವಿಳಾಸದ ಕೊನೆಯ ಸಂಖ್ಯೆಯನ್ನು 2ರಿಂದ 254ರವರೆಗೆ ಸಾಲಾಗಿ ಕೊಡುತ್ತ ಬರುತ್ತದೆ. ಪ್ರಿಂಟರಿಗೆ 50 ಎಂದು ಯಾರೋ ಹಿಂದೆ ಕೈಯಿಂದ ಬರೆದಿಟ್ಟರು, ರೌಟರಿಗೆ ತಿಳಿಸಲಿಲ್ಲ. ಕೊಟ್ಟ ನಂಬರು 24 ಗಂಟೆ ಪಡೆದವರ ಹೆಸರಿನಲ್ಲೇ ಇರುತ್ತದೆ, ಅವರು ಅಂಗಡಿಯಿಂದ ಹೋದರೂ. ಬೆಳಿಗ್ಗೆ ಬಂದ ಗಿರಾಕಿಗಳಿಂದ ನಂಬರು ಏರುತ್ತ ಏರುತ್ತ ಸಂಜೆಯ ಹೊತ್ತಿಗೆ 50 ಮುಟ್ಟುತ್ತದೆ. ಆ ಗಳಿಗೆಯಲ್ಲಿ ಪ್ರಿಂಟರು ವಿದ್ಯುತ್ ಉಳಿಸಲು ನಿದ್ದೆಗೆ ಜಾರಿ, ‘ಯಾರಾದರೂ ಇದ್ದೀರಾ’ ಎಂಬ ರೌಟರಿನ ಪ್ರಶ್ನೆಗೆ ಉತ್ತರಿಸದಿದ್ದರೆ, ಆ ನಂಬರು ಖಾಲಿಯಿದೆ ಎಂದುಕೊಂಡು ರೌಟರು ಇನ್ನೊಬ್ಬರಿಗೆ ಕೊಟ್ಟುಬಿಡುತ್ತದೆ. ಹಳೇ ನಂಬರು, ಹೊಸ ನಂಬರು ಎಂದು ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಸಂಖ್ಯೆ ಇದ್ದರೆ ಪೋಸ್ಟಿನವರು ಪಡುವ ಪಾಡೇ ಇದು. ಕಾಗದ ಆ ಮನೆಗೆ ಹೋದ ದಿನ ‘ಆಫ್‌ಲೈನ್’, ಈ ಮನೆಗೆ ಬಂದ ದಿನ ಪ್ರಿಂಟು.

ಬೆಳಿಗ್ಗೆ ಸರಿಯಿದ್ದು ಸಂಜೆ ಕೆಡುವುದಕ್ಕೆ ಕಾರಣ ಯಂತ್ರದ ಮುಪ್ಪಲ್ಲ, ಜನಸಂದಣಿ.

ಉಳಿದ ಕೆಲಸ ಬೇಗ ಮುಗಿಯುತ್ತದೆ. ರೌಟರಿನ ಪುಟದಲ್ಲಿ ಹಂಚುವ ನಂಬರುಗಳನ್ನು 100ರಿಂದ ಶುರುಮಾಡಿ, ಅವಧಿಯನ್ನು ಒಂದು ಗಂಟೆಗೆ ಇಳಿಸಿ, ರೌಟರನ್ನು ಆಫ್ ಮಾಡಿ ಆನ್ ಮಾಡುತ್ತಾನೆ. ಮೊಬೈಲುಗಳೆಲ್ಲ ಹೊಸ ನಂಬರು ಪಡೆಯುತ್ತವೆ. ಕೇಬಲ್ಲು ಹಿಂದಿನ ಜಾಗಕ್ಕೆ. ಪಿಂಗ್ ಈಗ ಸಮನಾಗಿ, ಒಂದೇ ಲಯದಲ್ಲಿ ಬರುತ್ತಿದೆ. ‘ಆಫ್‌ಲೈನ್’ ಅಳಿಸಿಹೋಯಿತು.

ಆದರೂ ಪ್ರಿಂಟು ಕೊಡಬೇಡಿ. ಸಾಲಿನಲ್ಲಿ ಸಿಕ್ಕಿಕೊಂಡ ಫೈಲುಗಳನ್ನು ನೋಡಿ: ಒಂದೇ ಹಾಲ್ ಟಿಕೆಟ್ ಮತ್ತೆ ಮತ್ತೆ. ಬರಲಿಲ್ಲವೆಂದು ಮತ್ತೆ ಒತ್ತಿದ್ದು, ಏನಾಯಿತೆಂದು ಯಾರೂ ಹೇಳದ್ದಕ್ಕೆ ಇನ್ನೊಮ್ಮೆ ಒತ್ತಿದ್ದು. ಅಳಿಸಲು ಹೋದರೆ ‘ಡಿಲೀಟಿಂಗ್’ ಎಂದು ಅಲ್ಲೇ ನಿಲ್ಲುತ್ತವೆ. ಪ್ರಿಂಟಿನ ಸಾಲನ್ನು ನೋಡಿಕೊಳ್ಳುವ ಸ್ಪೂಲರ್ ಸೇವೆಯನ್ನು ನಿಲ್ಲಿಸಿ, ಅದರ ಫೋಲ್ಡರನ್ನು ಖಾಲಿ ಮಾಡಿ, ಮತ್ತೆ ಚಾಲೂ ಮಾಡಬೇಕು.

ಕಾಯುವವರಿಗೆ ಸುದ್ದಿ ಹೇಳುವುದು ಸಣ್ಣ ಕೆಲಸವಲ್ಲ. 1980ರ ಹೊತ್ತಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಇದಕ್ಕಾಗಿಯೇ ಪರದಾಡಿದರು. ಅಲ್ಲಿನ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿದ್ದವರ ಪರದೆಗೆಲ್ಲ ಸಂದೇಶ ಹೋಗುವಂತೆ ಅವರು ತಂತ್ರಾಂಶವನ್ನು ತಿದ್ದಿದ್ದರು. ಹೊಸ ಲೇಸರ್ ಪ್ರಿಂಟರು ಬಂದಾಗ ಅದರ ತಂತ್ರಾಂಶದ ಮೂಲ ಸಂಕೇತವನ್ನು ಅವರಿಗೆ ಕೊಡಲಿಲ್ಲ, ತಿದ್ದಲಾಗಲಿಲ್ಲ. ತಂತ್ರಾಂಶವನ್ನು ಬಳಸುವವರೇ ತಿದ್ದುವಂತಿರಬೇಕು ಎಂಬ ಅವರ ನಿಲುವನ್ನು ಗಟ್ಟಿಮಾಡಿದ ಘಟನೆಗಳಲ್ಲಿ ಅದೊಂದು. 1983ರ ಸೆಪ್ಟೆಂಬರಿನಲ್ಲಿ ಅಂಥ ತಂತ್ರಾಂಶಕ್ಕಾಗಿಯೇ ಅವರು ಗ್ನೂ ಯೋಜನೆಯನ್ನು ಸಾರಿದರು.

ಹಾಲ್ ಟಿಕೆಟ್‌ಗಳು ಒಂದರ ಹಿಂದೊಂದು ಬರತೊಡಗುತ್ತವೆ. ಕೆಂಗೇರಿ ಸೆಂಟರಿನವನು ತನ್ನ ಫೋಟೊ, ರಿಜಿಸ್ಟರ್ ನಂಬರು ಸರಿಯಿದೆಯೇ ಎಂದು ನೋಡಿ, ಮಡಿಸದೆ ಪುಸ್ತಕದೊಳಗಿಟ್ಟುಕೊಂಡು ಹೋಗುತ್ತಾನೆ. ಮುಂದಿನವಳ ಸರದಿಗೆ ಯಂತ್ರ ಮತ್ತೆ ನಿಂತಿತು. ದೀಪ ಮಿನುಗುತ್ತಿದೆ, ಹಾಳೆ ಬರುತ್ತಿಲ್ಲ.

“ಮತ್ತೆ ಹೋಯ್ತಾ?” ಅಕ್ಕನ ದನಿ ಏರುತ್ತದೆ.

“ಇಲ್ಲ ಅಕ್ಕ, ಕೆಲಸ ಮಾಡ್ತಿದೆ. ದೀಪ ಮಿನುಗ್ತಿರೋವಾಗ ಆಫ್ ಮಾಡ್ಬೇಡಿ.”

ಅವಳು ಕಳಿಸಿದ್ದು ಮೊಬೈಲಿನಲ್ಲಿ ಹಿಡಿದ ಟಿಪ್ಪಣಿಗಳ ಬಣ್ಣದ ಫೋಟೊ. ಎ4 ಹಾಳೆಯಲ್ಲಿ ಇಂಚಿಗೆ 600 ಚುಕ್ಕಿಯಂತೆ ಸುಮಾರು 3.5 ಕೋಟಿ ಚುಕ್ಕಿಗಳಿವೆ. ಬರೀ ಕಪ್ಪು-ಬಿಳುಪಾದರೆ ಒಂದು ಪುಟ 4.4 ಎಂಬಿಯೊಳಗೆ ಹಿಡಿಯುತ್ತದೆ. ಪ್ರತಿ ಚುಕ್ಕಿಗೂ ಪೂರ್ತಿ ಬಣ್ಣದ ಮಾಹಿತಿ ಹೊತ್ತು ಬಂದರೆ 100 ಎಂಬಿ ದಾಟುತ್ತದೆ. ಹಳೆಯ ಪ್ರಿಂಟರಿನ ಪುಟ್ಟ ಮೆಮೊರಿ ಅದನ್ನು ತುಂಡುತುಂಡಾಗಿ ಅರಗಿಸಬೇಕು. ಹುಡುಗ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ, 300 ಚುಕ್ಕಿಗೆ ಇಳಿಸುತ್ತಾನೆ. ಚುಕ್ಕಿಗಳು ಕಾಲು ಭಾಗಕ್ಕೆ ಇಳಿದವು. ಓದಲು ಅದು ಧಾರಾಳ ಸಾಕು. ಪುಟಗಳು ಸರಸರ ಬರುತ್ತವೆ.

ಇನ್ನೊಂದು ಫೈಲು ಬಂದಾಗ ಪ್ರಿಂಟರಿನ ಪರದೆ ‘ಲೆಟರ್’ ಹಾಳೆ ಹಾಕಲು ಕೇಳುತ್ತದೆ. ಈ ಸಲ ಓದಿ ಹೇಳುವವರು ಅಕ್ಕನೇ: “ಟ್ರೇಯಲ್ಲಿರೋದು ಎ4. ಫೈಲು ಬೇರೆ ಅಳತೆಯದ್ದು, ಅಲ್ವಾ?” ಹೌದು. ಲೆಟರ್ ಅಮೆರಿಕದ ಅಳತೆ, 216 × 279 ಮಿಲಿಮೀಟರು. ನಮ್ಮ ಎ4 210 × 297. ಕಂಪ್ಯೂಟರಿನಲ್ಲಿ ಅಳತೆ ಬದಲಿಸಿ ಕೊಟ್ಟರೆ ಮುಗಿಯಿತು.

ಹುಡುಗ ಒಂದು ಬಿಳಿ ಹಾಳೆಯಲ್ಲಿ ಐಪಿ ವಿಳಾಸ, ಮ್ಯಾಕ್ ವಿಳಾಸ, ರೌಟರಿನ ಹೊಸ ಸಾಲು, ಇವತ್ತಿನ ತಾರೀಖು ಬರೆದು ಪ್ರಿಂಟರಿನ ಮೈಗೆ ಅಂಟಿಸುತ್ತಾನೆ. ಸದ್ಯಕ್ಕೆ ಕೆಲಸ ಮಾಡುತ್ತಿದ್ದರೂ ಕಾಗದ ಎಳೆಯುವ ರೋಲರಿನ ರಬ್ಬರು ನುಣುಪಾಗಿದೆ, ಎಸ್‌.ಪಿ. ರೋಡಿನಲ್ಲಿ ವಿಚಾರಿಸಿ ತರುತ್ತೇನೆ ಎನ್ನುತ್ತಾನೆ. ಹಳೆಯ ಯಂತ್ರಕ್ಕೆ ಖರ್ಚಿಲ್ಲವೆಂದಲ್ಲ. ಖರ್ಚು ಯಾವುದಕ್ಕೆ ಬೇಕೆಂದು ಈಗ ಅಕ್ಕನಿಗೆ ಗೊತ್ತಿದೆ.

“ನೀನಿಲ್ದಾಗ ಹಿಂಗಾದ್ರೆ?”

“ನೀವೇ ಹೇಳಿ ಅಕ್ಕ, ಮೊದ್ಲೇನು ಮಾಡ್ತೀರಿ?”

“ಅದರದ್ದೇ ಹಾಳೆ ತೆಗೀತೀನಿ. ಬಂದ್ರೆ ಯಂತ್ರ ಸರಿಯಿದೆ. ಆಮೇಲೆ ಪಿಂಗ್. ಆಮೇಲೆ ಕೇಬಲ್ ಕಿತ್ತು ಪಿಂಗ್. ಕೊನೆಗೆ ಫೈಲು ಎಷ್ಟು ದೊಡ್ಡದು ಅಂತ ನೋಡ್ತೀನಿ.”

ಈ ಕ್ರಮ ಬಸವೇಶ್ವರನಗರದ ಶಾಲೆಯ ಕಚೇರಿಗೂ ರಾಜಾಜಿನಗರದ ಲೆಕ್ಕಪರಿಶೋಧಕರ ಕೋಣೆಗೂ ಹಾಗೇ ಸಲ್ಲುತ್ತದೆ. ಪರದೆಯ ಒಂದು ಮಾತನ್ನು ನಂಬಿ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಿದರೆ ದುಡ್ಡು ಹೋಗುತ್ತದೆ, ಇ-ತ್ಯಾಜ್ಯ ಬೆಳೆಯುತ್ತದೆ, ಹಂಚಿಕೆಯ ತಪ್ಪು ಮಾತ್ರ ರೌಟರಿನಲ್ಲೇ ಉಳಿದು ಹೊಸ ಪ್ರಿಂಟರನ್ನೂ ಕಾಡುತ್ತದೆ. ‘ಆಫ್‌ಲೈನ್’ ಎಂದು ಕಂಡಾಗ, ಹಾಗೆಂದವರು ಯಾರು, ಯಾವ ಆಧಾರದ ಮೇಲೆ ಎಂದು ಕೇಳಿ. ಕೌಂಟರಿನಾಚೆ ನಾಳಿನ ಪರೀಕ್ಷೆ ಹೊತ್ತು ನಿಂತವರಿಗೆ ನಾವು ಕೊಡಬೇಕಾದ ಮರ್ಯಾದೆ ಅದು.