ನಕ್ಷತ್ರಗಳನ್ನು ಎಣಿಸುವ ಮುನ್ನ



ಸಂಕೇಶ್ವರದಂಥ ಊರಿನಲ್ಲಿ ದೊಡ್ಡ ಕಾಯಿಲೆಯೆಂದರೆ ಪ್ರಯಾಣವೆಂದೇ ಅರ್ಥ. ಹೆದ್ದಾರಿಯ ಒಂದು ದಿಕ್ಕಿಗೆ ಬೆಳಗಾವಿ, ಇನ್ನೊಂದು ದಿಕ್ಕಿಗೆ ಕೊಲ್ಹಾಪುರ. ಯಾವ ವೈದ್ಯರಲ್ಲಿಗೆ ಹೋಗಬೇಕೆಂಬುದನ್ನು ಹಿಂದೆ ನೆರೆಯವರು, ಬೀಗರು, ಔಷಧಿ ಅಂಗಡಿಯವರು ಹೇಳುತ್ತಿದ್ದರು. ಇಂದು ಮನೆಯ ಮಗನೋ ಮಗಳೋ ಮೊಬೈಲ್ ತೆರೆದು, ಯಾವ ಆಸ್ಪತ್ರೆಗೆ ಗೂಗಲ್‌ನಲ್ಲಿ ಎಷ್ಟು ನಕ್ಷತ್ರಗಳಿವೆಯೆಂದು ನೋಡುತ್ತಾರೆ.

ಇದು ತಪ್ಪಲ್ಲ. ಆದರೆ ಆ ನಕ್ಷತ್ರಗಳು ಅಳೆಯುವುದಾದರೂ ಏನನ್ನು? ಎಷ್ಟು ಹೊತ್ತು ಕಾಯಬೇಕಾಯಿತು, ಬಿಲ್ಲು ಎಷ್ಟಾಯಿತು, ವೈದ್ಯರು ಮುಖ ಕೊಟ್ಟು ಮಾತನಾಡಿದರೇ ಎಂಬುದನ್ನು ರೋಗಿ ಬಲ್ಲ. ರೋಗನಿದಾನ ಸರಿಯಾಗಿತ್ತೇ ಎಂಬುದನ್ನು ಅಳೆಯುವುದು ಅವನಿಗೆ ಸುಲಭವಲ್ಲ. ಬೇಡದ ಇಂಜೆಕ್ಷನ್ ಕೊಡಲೊಪ್ಪದ ಪ್ರಾಮಾಣಿಕ ವೈದ್ಯರಿಗೆ ಒಂದೇ ನಕ್ಷತ್ರ ಬಿದ್ದರೂ ಆಶ್ಚರ್ಯವಿಲ್ಲ.

ಮನೆಗಳಿಗೆ ಭೇಟಿ ನೀಡುವಾಗ ನಾನು ಕೇಳುವ ಮತ್ತೊಂದು ಮಾತಿದೆ. ಹೆರಿಗೆಗೆ ‘ಲೇಡಿ ಡಾಕ್ಟರೇ ಬೇಕು’ ಎನ್ನುವವರು ಹೃದಯದ ಶಸ್ತ್ರಚಿಕಿತ್ಸೆಗೆ ಗಂಡಸರನ್ನೇ ಅರಸುತ್ತಾರೆ. ಮೊದಲನೆಯದು ಲಜ್ಜೆ, ಅದನ್ನು ಗೌರವಿಸೋಣ. ಎರಡನೆಯದು ಬರಿಯ ಪೂರ್ವಗ್ರಹ. ಅಮೆರಿಕದ ಆಸ್ಪತ್ರೆಗಳಲ್ಲಿ ದಾಖಲಾದ ವೃದ್ಧರ ಕುರಿತು ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಹಿಳಾ ವೈದ್ಯರ ಆರೈಕೆಯಲ್ಲಿದ್ದವರ ಸಾವಿನ ಪ್ರಮಾಣ ತುಸು ಕಡಿಮೆಯೇ ಇತ್ತು.

ಲಜ್ಜೆಯ ಬೆಲೆಯನ್ನು ನಮ್ಮ ನೆರೆನಾಡು ಬಲ್ಲದು. ಸ್ತ್ರೀಯರಿಗೆ ಸ್ತ್ರೀ ವೈದ್ಯರು ಬೇಕೆಂದೇ ಆನಂದಿಬಾಯಿ ಜೋಶಿಯವರು ಅಮೆರಿಕಕ್ಕೆ ತೆರಳಿ, 1886ರಲ್ಲಿ ವೈದ್ಯ ಪದವಿ ಪಡೆದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗಕ್ಕೆ ಅವರ ನೇಮಕವೂ ಆಯಿತು. ಆದರೆ 1887ರ ಫೆಬ್ರವರಿಯಲ್ಲಿ, 21ರ ಹರೆಯದಲ್ಲೇ ಅವರು ತೀರಿಕೊಂಡರು. ಇಂದು ಮಹಿಳಾ ವೈದ್ಯರ ಕೊರತೆ ಅಂದಿನಷ್ಟಿಲ್ಲ. ಆದರೂ ಎದೆಯಲ್ಲಿ ಗಂಟು ಕಂಡ ತಾಯಿಯೊಬ್ಬಳು ‘ಗಂಡಸರಿಗೆ ಹೇಗೆ ತೋರಿಸಲಿ?’ ಎಂದು ತಿಂಗಳುಗಟ್ಟಲೆ ಮೌನವಾಗಿದ್ದರೆ, ರೋಗ ಅವಳಿಗಾಗಿ ಕಾಯುವುದಿಲ್ಲ.

ಆದ್ದರಿಂದ, ಸ್ತ್ರೀ ವೈದ್ಯರು ದೊರೆತರೆ ಅವರಲ್ಲಿಗೇ ಹೋಗಿರಿ, ದೊರೆಯದಿದ್ದರೆ ತಡಮಾಡದಿರಿ. ಪರೀಕ್ಷೆಯ ವೇಳೆ ನರ್ಸ್ ಅಥವಾ ನಿಮ್ಮವರೊಬ್ಬರು ಜೊತೆಗಿರಲೆಂದು ಕೇಳಲು ಸಂಕೋಚಪಡಬೇಡಿರಿ. ಚಿಕಿತ್ಸಾಲಯದಲ್ಲೂ ಔಷಧಿ ಚೀಟಿಯಲ್ಲೂ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ತೋರಿಸಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ನಕ್ಷತ್ರಗಳಿಗಿಂತ ಮೊದಲು ಅದನ್ನು ನೋಡಿರಿ.

ಸಂತ ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯೊಬ್ಬಳಿದ್ದಾಳೆ. ಇದ್ದುದನ್ನೆಲ್ಲ ವೈದ್ಯರಿಗೆ ಸುರಿದರೂ ಅವಳಿಗೆ ಗುಣವಾಗಿರಲಿಲ್ಲ. ಜನಸಂದಣಿಯಲ್ಲಿ ಮರೆಯಾಗಿ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು. ಪ್ರಭು ನಿಂತರು, ನಡೆದುದನ್ನೆಲ್ಲ ಹೇಳಗೊಟ್ಟರು, ‘ಮಗಳೇ’ ಎಂದರು. ನಮ್ಮ ಮನೆಗಳಲ್ಲೂ ಹಾಗೆ ಹೇಳಲಾಗದೆ ಸಹಿಸುತ್ತಿರುವ ಒಬ್ಬಳಿರಬಹುದು. ಇಂದೇ ಕೇಳಿರಿ.