ಹೆಸರಿಲ್ಲದವರಿಗೊಂದು ತಲೆಬರಹ

ಸ್ಟಾರ್ ವಾರ್ಸ್ ಸರಣಿಯ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಸಿನಿಮಾದಲ್ಲಿ ಮೋಡಗಳ ಮೇಲೆ ಕಟ್ಟಿದ ಒಂದು ನಗರವಿದೆ. ಊರು ಸಾಮ್ರಾಜ್ಯದ ವಶವಾಗಿದೆ, ಇನ್ನಷ್ಟು ಸೈನಿಕರು ಬರುವ ಮೊದಲು ಹೊರಟುಬಿಡಿ ಎಂದು ಆ ನಗರದ ಆಡಳಿತಗಾರ ಲ್ಯಾಂಡೋ ಸಾರುತ್ತಾನೆ. ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುತ್ತಾರೆ. ಆ ಗದ್ದಲದ ನಡುವೆ ಕಿತ್ತಳೆ ಬಣ್ಣದ ಉಡುಪಿನ ಒಬ್ಬ ಮನುಷ್ಯ ಹಾಗೇ ಓಡಿಹೋಗುತ್ತಾನೆ. ಅವನು ಅಪ್ಪಿ ಹಿಡಿದಿರುವುದು ಏನು ಎಂದು ಚಿತ್ರ ನಿಲ್ಲಿಸಿ ನೋಡಿದರೆ, ಮನೆಯಲ್ಲಿ ಐಸ್‌ಕ್ರೀಂ ಮಾಡುವ ಯಂತ್ರ! ಅವನಿಗೆ ಮಾತಿಲ್ಲ. ಕಣ್ಣು ಮಿಟುಕಿಸಿದರೆ ಅವನೂ ಇಲ್ಲ.

ಕಥೆಗೆ ಅವನಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ನೋಡಿದವರ ಮನಸ್ಸಿನಲ್ಲಿ ಅವನು ಉಳಿದುಬಿಟ್ಟ. ಪ್ರಾಣ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಅದೇ ವಸ್ತುವನ್ನು ಯಾಕೆ ಎತ್ತಿಕೊಂಡ? ಅದರೊಳಗೆ ಏನಿತ್ತು? ಮನೆಯಲ್ಲಿ ಯಾರಿದ್ದರು? ನನಗೆ ಇಂಥ ಮೂಲೆಯ ಮನುಷ್ಯರ ಮೇಲೆ ಮೊದಲಿನಿಂದಲೂ ಪ್ರೀತಿ. ನಮ್ಮ ಮನೆಯಲ್ಲಿ ಎಲ್ಲರೂ ಕೂತು ಸಿನಿಮಾ ನೋಡುವಾಗ ಅಕ್ಕನ ಮಗಳು ನಾಯಕನನ್ನು ಬಿಟ್ಟು ಹಿಂದೆ ನಿಂತವನ ಕಡೆ ಬೆರಳು ಮಾಡಿ “ಮಾಮಾ, ಇವನ ಹೆಸರೇನು?” ಎಂದು ಕೇಳುತ್ತಾಳೆ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು ಅನಿಸುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಕಾಯಕ ಮಾಡಿಕೊಂಡವರು ಅಭಿಮಾನಿ ವಿಕಿಗಳನ್ನು ಬರೆಯುವ ಜನ. ಸ್ಟಾರ್ ಟ್ರೆಕ್‌ಗೆ ‘ಮೆಮೊರಿ ಆಲ್ಫಾ’ 2003ರಲ್ಲಿ ಶುರುವಾಯಿತು. ಸ್ಟಾರ್ ವಾರ್ಸ್‌ಗೆ ‘ವೂಕಿಪೀಡಿಯಾ’, ಮಾರಿಯೋ ಆಟಗಳಿಗೆ ‘ಸೂಪರ್ ಮಾರಿಯೋ ವಿಕಿ’ ಎರಡೂ 2005ರಲ್ಲಿ ಹುಟ್ಟಿದವು. ಸಂಬಳವಿಲ್ಲ, ಸನ್ಮಾನವಿಲ್ಲ. ತಾವು ಮೆಚ್ಚಿದ ಲೋಕದ ಒಂದು ಕಲ್ಲು, ಒಂದು ಗಿಡ, ಒಬ್ಬ ದಾರಿಹೋಕನೂ ದಾಖಲೆಯಿಂದ ತಪ್ಪಿಹೋಗಬಾರದು ಎಂಬ ಹಟ ಒಂದೇ ಅವರ ಬಂಡವಾಳ.

ಆದರೆ ವಿಕಿಯಲ್ಲಿ ಪುಟ ತೆರೆಯಬೇಕಾದರೆ ಮೊದಲು ತಲೆಬರಹ ಬೇಕು. ತೊಡಕು ಶುರುವಾಗುವುದೇ ಅಲ್ಲಿ. ವಿವರ ಎಷ್ಟು ಬೇಕಾದರೂ ಬರೆಯಬಹುದು. ಹೆಸರೇ ಇಲ್ಲದವನ ಪುಟಕ್ಕೆ ತಲೆಬರಹ ಏನೆಂದು ಕೊಡುವುದು? ವೂಕಿಪೀಡಿಯಾದವರು ಕಂಡುಕೊಂಡ ದಾರಿ ನೇರವಾದದ್ದು: ಮೊದಲು ‘ಗುರುತು ತಿಳಿಯದ’ ಎಂಬ ಮಾತು, ಆಮೇಲೆ ಅವನ ಕುಲವನ್ನೋ ಕೆಲಸವನ್ನೋ ಹೇಳುವ ಒಂದು ಪದ, ಗೊಂದಲವಾಗುವಂತಿದ್ದರೆ ಆವರಣದಲ್ಲಿ ಊರು. ಮಾರಿಯೋ ವಿಕಿಯಲ್ಲಿ ಇಂಥ ಪುಟ ತೆರೆದರೆ ಮೇಲೇ ಒಂದು ಪಟ್ಟಿ ಕಾಣುತ್ತದೆ. ಈ ತಲೆಬರಹ ನಮ್ಮ ಊಹೆ, ಅಧಿಕೃತ ಹೆಸರು ಸಿಕ್ಕರೆ ಪುಟವನ್ನು ಆ ಹೆಸರಿಗೆ ಸಾಗಿಸಬೇಕು ಎಂಬುದು ಅದರ ಸಾರಾಂಶ. ಹಾಗೆ ಸಾಗಿಸಿದ ಮೇಲೂ ಹಳೆಯ ತಲೆಬರಹವನ್ನು ಅಳಿಸಬೇಕಾಗಿಲ್ಲ. ಮನೆ ಬದಲಾಯಿಸಿದವರ ಕಾಗದವನ್ನು ಅಂಚೆಯವನು ಹೊಸ ವಿಳಾಸಕ್ಕೆ ಮುಟ್ಟಿಸುವ ಹಾಗೆ, ಹಳೆಯ ಹೆಸರು ಹುಡುಕಿಕೊಂಡು ಬಂದವರನ್ನು ಅದು ಹೊಸ ಪುಟಕ್ಕೆ ಕರೆದೊಯ್ಯುತ್ತದೆ. ಆ ಪಟ್ಟಿಯ ಮಾತು ನನಗೆ ಬಹಳ ಇಷ್ಟ. ಎಷ್ಟೋ ದಪ್ಪ ಗ್ರಂಥಗಳಲ್ಲಿ ಊಹೆಯೂ ಸಂಗತಿಯೂ ಒಂದೇ ಅಂಗಿ ತೊಟ್ಟು ಕೂತಿರುತ್ತವೆ. ಇಲ್ಲಿ ಊಹೆ ತನ್ನ ಹೆಸರು ಹೇಳಿಕೊಂಡೇ ಬಾಗಿಲಲ್ಲಿ ನಿಲ್ಲುತ್ತದೆ.

ನಮ್ಮ ಐಸ್‌ಕ್ರೀಂ ಯಂತ್ರದ ಮನುಷ್ಯನ ಅದೃಷ್ಟ ದೊಡ್ಡದು. ಮುಂದೆ ಅವನಿಗೆ ವಿಲ್‌ರೋ ಹುಡ್ ಎಂಬ ಹೆಸರು ಬಂತು, ಅವನ ಗೊಂಬೆಯೂ ಅಂಗಡಿಗೆ ಬಂತು. ಸ್ಟಾರ್ ವಾರ್ಸ್ ಉತ್ಸವಗಳಲ್ಲಿ ಅಭಿಮಾನಿಗಳು ಕಿತ್ತಳೆ ಉಡುಪು ತೊಟ್ಟು, ಐಸ್‌ಕ್ರೀಂ ಯಂತ್ರ ಹಿಡಿದು ಗುಂಪಾಗಿ ಓಡುತ್ತಾರೆ. 2019ರ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಿ ಅಂಥದೇ ಪಾತ್ರೆ ಕ್ಯಾಮ್‌ಟೋನೋ ಎಂಬ ಹೆಸರು ಪಡೆದು, ಬೆಲೆಬಾಳುವ ಲೋಹ ತುಂಬಿಕೊಂಡು ಬಂತು. ಅವನಿಗೂ ಹೆಸರಾಯಿತು, ಸುಮಾರು ನಾಲ್ಕು ದಶಕ ಕಾದ ಮೇಲೆ ಅವನ ಸಾಮಾನಿಗೂ ಹೆಸರಾಯಿತು.

ಅದೇ ಸರಣಿಯ ಹಸಿರು ಮಗುವಿನದು ಇನ್ನೊಂದು ಕಥೆ. ಸ್ಟಾರ್ ವಾರ್ಸ್‌ನ ಹಸಿರು ಮೈಯ ಮುದಿ ಗುರು ಯೋಡಾನ ಕುಲಕ್ಕೆ ಹೆಸರೇ ಇಲ್ಲ. ಆ ಲೋಕವನ್ನು ಸೃಷ್ಟಿಸಿದ ಜಾರ್ಜ್ ಲ್ಯೂಕಾಸ್ ಬೇಕೆಂದೇ ಅದನ್ನು ಗುಟ್ಟಾಗಿ ಇಟ್ಟರು. ವಿಕಿಯಲ್ಲಿ ಆ ಪುಟದ ತಲೆಬರಹ ‘ಯೋಡಾನ ಕುಲ’ ಎಂದಷ್ಟೇ. 2019ರಲ್ಲಿ ಆ ಕುಲದ ಮಗು ಕಾಣಿಸಿಕೊಂಡಾಗ ಜಗತ್ತೆಲ್ಲ ‘ಬೇಬಿ ಯೋಡಾ’ ಎಂದಿತು. ಆದರೆ ಆ ಮಗು ಯೋಡಾ ಅಲ್ಲ. ಕಥೆ ನಡೆಯುವ ಕಾಲಕ್ಕೆ ಯೋಡಾ ತೀರಿಹೋಗಿ ವರ್ಷಗಳಾಗಿವೆ. ಅಧಿಕೃತವಾಗಿ ಅದು ‘ದಿ ಚೈಲ್ಡ್’. 2020ರ ನವೆಂಬರ್‌ನಲ್ಲಿ ಗ್ರೋಗು ಎಂಬ ನಿಜವಾದ ಹೆಸರು ಹೊರಬಿತ್ತು. ಊರೆಲ್ಲ ಕರೆಯುವ ಹೆಸರು ಪುಟದೊಳಗೆ ಇರಲೇಬೇಕು, ಆದರೆ ನೆತ್ತಿಯ ಮೇಲೆ ಕೂರುವ ಹೆಸರು ಸುಳ್ಳು ಹೇಳಬಾರದು.

ಪಾತ್ರಗಳ ಮಾತು ಹಾಗಿರಲಿ, ಇಡೀ ಕಥೆಗಳೇ ಹೆಸರಿಲ್ಲದೆ ಉಳಿದದ್ದುಂಟು. ಬಿಬಿಸಿಯ ‘ಡಾಕ್ಟರ್ ಹೂ’ 1963ರ ನವೆಂಬರ್ 23ರಂದು ಆರಂಭವಾಯಿತು. ಆಗೆಲ್ಲ ಪ್ರತಿ ವಾರದ ಕಂತಿಗೂ ಬೇರೆ ಬೇರೆ ಹೆಸರು. ಹಲವು ವಾರ ಸಾಗುವ ಕಥೆಗೆ ಒಟ್ಟಾಗಿ ತೆರೆಯ ಮೇಲೆ ಹೆಸರೇ ಇರುತ್ತಿರಲಿಲ್ಲ. 1966ರ ‘ದಿ ಸ್ಯಾವೇಜಸ್’ನಿಂದ ಮುಂದೆ ಆ ಪದ್ಧತಿ ಬದಲಾಯಿತು. ಅದಕ್ಕೂ ಹಿಂದಿನ ಕಥೆಗಳನ್ನು ಏನೆಂದು ಕರೆಯಬೇಕು? ಡಾಕ್ಟರನ ಶತ್ರುಗಳಾದ ಡಾಲೆಕ್‌ಗಳು ಮೊದಲ ಬಾರಿ ಬಂದ ಕಥೆಗೆ ತಯಾರಿಯ ಕಡತಗಳಲ್ಲಿ ‘ದಿ ಮ್ಯೂಟಂಟ್ಸ್’ ಎಂದಿದೆ. ಆದರೆ 1972ರಲ್ಲಿ ಅದೇ ಹೆಸರಿನ ಬೇರೊಂದು ಕಥೆ ಪ್ರಸಾರವಾಗಿಬಿಟ್ಟಿತು. ಮೊದಲ ಕಂತಿನ ಹೆಸರನ್ನೇ ಇಡೋಣವೆಂದರೆ ಅದು ‘ದಿ ಡೆಡ್ ಪ್ಲಾನೆಟ್’. ಕೊನೆಗೆ ಹೆಚ್ಚಿನವರ ಬಾಯಲ್ಲಿ ನಿಂತದ್ದು ‘ದಿ ಡಾಲೆಕ್ಸ್’. ಕಡತವೋ, ಮೊದಲ ಕಂತೋ, ಜನರ ಬಾಯೋ ಎಂಬ ಚರ್ಚೆ ಇಂದಿಗೂ ಜೀವಂತ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಜಗಳ ಅನಿಸಬಹುದು. ನನಗೆ ಹಾಗೆ ಅನಿಸಿಲ್ಲ. ಯಾವ ಸಾಕ್ಷಿಗೆ ಎಷ್ಟು ತೂಕ ಎಂದು ಅಳೆಯುವ ಇತಿಹಾಸಕಾರನ ಕೆಲಸವೇ ಇಲ್ಲಿಯೂ ನಡೆಯುತ್ತಿದೆ.

ಅಭಿಮಾನದ ಹೆಸರು ತೆರೆಯವರೆಗೆ ಏರಿದ್ದೂ ಉಂಟು. 2001ರ ‘ದಿ ಫೆಲೋಶಿಪ್ ಆಫ್ ದಿ ರಿಂಗ್’ ಚಿತ್ರದ ಎಲ್ರಾಂಡ್‌ನ ಸಭೆಯಲ್ಲಿ ಒಬ್ಬ ಎಲ್ಫ್ ಕೆಲವೇ ಕ್ಷಣ ಕಾಣುತ್ತಾನೆ. ಕಥಾನಾಯಕ ಫ್ರೋಡೋನನ್ನು ಮೆಚ್ಚಿ ನೋಡುತ್ತಿದ್ದ ಪ್ರೇಕ್ಷಕರು ‘ಅರೆ, ಇವನ್ಯಾರು?’ ಎಂದು ಬೆರಗಾದರು. ಆ ಬೆರಗಿನ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳನ್ನು ಕೂಡಿಸಿ ಫಿಗ್‌ವಿಟ್ ಎಂದು ಹೆಸರಿಟ್ಟರು. ಪಾತ್ರ ಮಾಡಿದ್ದವರು ನ್ಯೂಜಿಲೆಂಡ್‌ನ ಬ್ರೆಟ್ ಮೆಕೆಂಜಿ. ಜನರ ಅಕ್ಕರೆ ನಿರ್ದೇಶಕ ಪೀಟರ್ ಜಾಕ್ಸನ್‌ವರೆಗೂ ತಲುಪಿ, 2003ರ ಮೂರನೇ ಚಿತ್ರದಲ್ಲಿ ಆ ಎಲ್ಫ್‌ಗೆ ಮಾತು ಸಿಕ್ಕಿತು. ಆದರೂ ಕೊನೆಯ ಹೆಸರುಪಟ್ಟಿಯಲ್ಲಿ ಅವನು ‘ಎಲ್ಫ್ ಎಸ್ಕಾರ್ಟ್’ ಮಾತ್ರ. ಸ್ಟಾರ್ ಟ್ರೆಕ್‌ನ ಸುಲು 1966ರಿಂದ ನೌಕೆ ನಡೆಸಿದರೂ ಅವನ ಪೂರ್ತಿ ಹೆಸರು ಯಾರಿಗೂ ಗೊತ್ತಿರಲಿಲ್ಲ. ವೊಂಡಾ ಮೆಕಿಂಟೈರ್ 1981ರ ತಮ್ಮ ಕಾದಂಬರಿಯಲ್ಲಿ ಹಿಕಾರು ಎಂದು ಕರೆದರು. 1991ರ ಆರನೇ ಸಿನಿಮಾದಲ್ಲಿ ಆ ಹೆಸರು ತೆರೆಯ ಮೇಲೆ ಉಚ್ಚಾರವಾಯಿತು.

ಆದರೆ ಈ ದಾರಿಯಲ್ಲಿ ಒಂದು ಅಪಾಯವೂ ಇದೆ. ಮಾರಿಯೋ ಆಟಗಳ 30 ವರ್ಷದ ಸಂಭ್ರಮಕ್ಕೆ ಜಪಾನಿನಲ್ಲಿ ಬಂದ ಕೋಶದ ಇಂಗ್ಲಿಷ್ ಆವೃತ್ತಿಯನ್ನು 2018ರಲ್ಲಿ ಅಮೆರಿಕದ ಡಾರ್ಕ್ ಹಾರ್ಸ್ ಪ್ರಕಾಶನ ತಂದಿತು. ಪುಟ ತಿರುವಿದ ವಿಕಿಯ ಬಳಗ ಬೆಚ್ಚಿತು. ಅಧಿಕೃತ ಇಂಗ್ಲಿಷ್ ಹೆಸರಿಲ್ಲದ ಹಲವು ಜೀವಿಗಳಿಗೆ ತಾವು ಊಹಿಸಿ ಇಟ್ಟಿದ್ದ ಹೆಸರುಗಳೇ ಅಲ್ಲಿ ಅಚ್ಚಾಗಿದ್ದವು. ಊಹೆ ಎಂಬ ಪಟ್ಟಿ ಮಾತ್ರ ದಾರಿಯಲ್ಲೆಲ್ಲೋ ಕಳಚಿಹೋಗಿತ್ತು. ಈಗ ಆ ಪುಸ್ತಕವನ್ನೇ ಆಧಾರವಾಗಿ ಕೊಟ್ಟು ‘ಇದು ಅಧಿಕೃತ’ ಎಂದು ವಿಕಿಯಲ್ಲಿ ಬರೆದರೆ, ನಮ್ಮ ಮಾತಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ಇದು ಆಟಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಒಬ್ಬರು ಸಂಕೋಚದಿಂದ ಹೇಳಿದ್ದು ಇನ್ನೊಬ್ಬರ ಬಾಯಲ್ಲಿ ಖಚಿತವಾಗಿ, ಮೂರನೆಯವರಲ್ಲಿ ಪ್ರಮಾಣವಾಗುವುದು ಎಲ್ಲ ವಿದ್ಯೆಗೂ ಅಂಟಿಕೊಳ್ಳುವ ರೋಗ. ತಲೆಬರಹದ ಮೇಲಿನ ಆ ಚಿಕ್ಕ ಪಟ್ಟಿ ಅದಕ್ಕೆ ಮದ್ದು. ನಕಲು ಮಾಡುವವರು ಅದನ್ನೂ ಜೊತೆಗೆ ನಕಲು ಮಾಡಬೇಕು.

ಇನ್ನು ಕೆಲವರಿಗೆ ಹೆಸರಿಲ್ಲದಿರುವುದೇ ಕಥೆ. ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಸೌರಾನನ ಪರವಾಗಿ ಮಾತಾಡಲು ಬರುವ ದೂತ ತನ್ನ ಹೆಸರನ್ನು ತಾನೇ ಮರೆತಿದ್ದಾನೆ. ದುಷ್ಟನ ಬಾಯಾಗಿ ಬಾಳಿದವನಿಗೆ ಉಳಿದದ್ದು ‘ಸೌರಾನನ ಬಾಯಿ’ ಎಂಬ ಬಿರುದೊಂದೇ. ಅವನಿಗೆ ಯಾರಾದರೂ ಹೊಸ ಹೆಸರು ಕಟ್ಟಿದರೆ ಟೋಲ್ಕಿನ್ ಕೊಟ್ಟ ಶಿಕ್ಷೆಯನ್ನು ಮಾಫಿ ಮಾಡಿದಂತೆ. ಒಂಬತ್ತು ಉಂಗುರಭೂತಗಳಲ್ಲೂ ಟೋಲ್ಕಿನ್ ಹೆಸರಿಟ್ಟದ್ದು ಖಮೂಲ್ ಎಂಬ ಒಬ್ಬನಿಗೆ. ಆಟದ ಪುಸ್ತಕಗಳು ಮಿಕ್ಕವರಿಗೂ ಹೆಸರು ಕಟ್ಟಿದವು. ಆ ಹೆಸರುಗಳು ವಿಕಿಯಲ್ಲಿ ಇರಲಿ, ಆದರೆ ‘ಆಟದಿಂದ’ ಎಂಬ ಬೇರೆ ಖಾನೆಯಲ್ಲಿ ಇರಲಿ.

ಇದನ್ನೆಲ್ಲ ಓದುವಾಗ ನನಗೆ ವಿದುರನ ತಾಯಿ ನೆನಪಾಗುತ್ತಾಳೆ. ಅಂಬಿಕೆ ತನ್ನ ಬದಲಿಗೆ, ತನ್ನ ಒಡವೆ ತೊಡಿಸಿ, ವ್ಯಾಸರ ಬಳಿಗೆ ಕಳಿಸಿದ ದಾಸಿ ಅವಳು. ಹೆದರದೆ ಹೋಗಿ, ಧರ್ಮವೇ ಮೈವೆತ್ತ ಮಗನನ್ನು ಪಡೆದಳು. ಅಷ್ಟು ಹೆಸರುಗಳ ಮಹಾಭಾರತದಲ್ಲಿ ಅವಳದು ಬರಿಯ ‘ದಾಸಿ’. ಅವಳಿಗೊಂದು ಚೆಂದದ ಹೆಸರಿಡಬೇಕೆಂದು ಯಾರಿಗಾದರೂ ಆಸೆಯಾದರೆ ಅದು ಒಳ್ಳೆಯ ಆಸೆಯೇ. ಕಾದಂಬರಿಕಾರ ಇಡಲಿ, ನಾಟಕಕಾರ ಇಡಲಿ. ಆದರೆ ಕೋಶ ಬರೆಯುವವನು ‘ವಿದುರನ ತಾಯಿ, ಹೆಸರು ಹೇಳಿಲ್ಲ’ ಎಂದೇ ಬರೆಯಬೇಕು. ಹೆಸರು ಹೇಳದೆ ಬಿಟ್ಟದ್ದು ಆ ಕಾಲದ ಬಗ್ಗೆ ಒಂದು ಸತ್ಯ. ಖಾಲಿ ಜಾಗವನ್ನು ತುಂಬಿಬಿಟ್ಟರೆ ಆ ಸತ್ಯವೂ ಮುಚ್ಚಿಹೋಗುತ್ತದೆ.

ಹೆಸರಿಲ್ಲದವರ ಬಗ್ಗೆ ಪುಟ ಬರೆಯುವುದು ಪ್ರೀತಿಯ ಕೆಲಸ, ಆ ಪುಟಕ್ಕೆ ಸುಳ್ಳು ಹೆಸರು ಇಡದಿರುವುದು ಮರ್ಯಾದೆಯ ಕೆಲಸ. ಎರಡೂ ಜೊತೆಗಿದ್ದರೆ ಮಾತ್ರ ಕೋಶ ಕೋಶವಾಗುತ್ತದೆ. ನೀವು ಮೆಚ್ಚಿದ ಕಥೆಯಲ್ಲಿ, ಸಿನಿಮಾದಲ್ಲಿ, ನಿಮ್ಮೂರಿನ ಹಳೆಯ ಗುಂಪುಚಿತ್ರದಲ್ಲಿ ಹೆಸರು ಗೊತ್ತಿಲ್ಲದ ಒಬ್ಬರು ಕಂಡರೆ ಅವರನ್ನು ದಾಟಿ ಹೋಗಬೇಡಿ. ಕಂಡಷ್ಟು ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ; ನೀವೇ ಒಂದು ಹೆಸರಿಟ್ಟರೆ, ಇಟ್ಟವರು ನಾವು ಎಂದು ಅದರ ಪಕ್ಕದಲ್ಲೇ ಬರೆಯಿರಿ.