ಹಾರ್ಡ್‌ಬೋರ್ಡಿನ ಗೋಡೆ

ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ರಟ್ಟು ಇದೆಯಲ್ಲ, ಎಷ್ಟೋ ಸಲ ಅದು ಹಾರ್ಡ್‌ಬೋರ್ಡೇ. ನಾಗಮಂಗಲ ತಾಲ್ಲೂಕಿನ ದೇವಲಾಪುರದ ನಮ್ಮ ಮನೆಯಲ್ಲಿ ಅದು ಗೋಡೆಯೂ ಆಯಿತು. ಮಗಳು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ, ಆಚಾರ್ರು ನಡುಮನೆಯ ಮೂಲೆಯಲ್ಲಿ ರೀಪಿನ ಚೌಕಟ್ಟು ನಿಲ್ಲಿಸಿ ಹಲಗೆ ಹೊಡೆದರು.

ಒಂದು ಮುಖ ನುಣುಪು, ಇನ್ನೊಂದು ಒರಟು ಏಕೆಂದು ಮಗಳು ಕೇಳಿದಳು. ಮರದ ಚೂರನ್ನು ಆವಿಯಲ್ಲಿ ಮೆತ್ತಗಾಗಿಸಿ, ನಾರು ಬಿಡಿಸಿ, ನೀರಿನಲ್ಲಿ ಕದಡಿ, ತಂತಿಜಾಲರಿಯ ಮೇಲೆ ಹರಡಿ ಬಿಸಿಯಲ್ಲಿ ಒತ್ತುತ್ತಾರೆ. ಒರಟು ಆ ಜಾಲರಿಯ ಗುರುತು. ಮರದಲ್ಲೇ ಇರುವ ಲಿಗ್ನಿನ್ ಅಂಟಿನ ಕೆಲಸ ಮಾಡುತ್ತದೆ. ಅಮೆರಿಕದ ವಿಲಿಯಂ ಮೇಸನ್ 1924ರಲ್ಲಿ ಕಂಡುಕೊಂಡ ಈ ವಿಧಾನಕ್ಕೆ ಸಾಮಿಲ್ಲಿನ ಕಸವೇ ಬಂಡವಾಳ. ನಮ್ಮ ಮಂಡ್ಯ ಸೀಮೆಯ ಕಬ್ಬಿನ ಸಿಪ್ಪೆಯಿಂದಲೂ ಹಲಗೆ ಮಾಡಬಹುದು.

ಇದರಲ್ಲಿ ಗಂಟಿಲ್ಲ, ಮರದಂತೆ ಎಳೆಗುಂಟ ಸೀಳುವುದೂ ಇಲ್ಲ. ನೀರು ಮಾತ್ರ ಆಗದು, ಉಬ್ಬುತ್ತದೆ. ಬಚ್ಚಲಿಗೆ ಬೇಡ, ನೆಲದಿಂದ ಎರಡು ಬೆರಳು ಮೇಲಿರಲಿ, ಅಂಚಿಗೂ ಬಣ್ಣ ಬಳಿಯಿರಿ.

ಮೂರು ಮಿಲಿಮೀಟರ್ ಹಲಗೆ ನೋಟವನ್ನು ತಡೆಯುತ್ತದೆ, ಸದ್ದನ್ನಲ್ಲ. “ಅಪ್ಪಾ, ಧಾರಾವಾಹಿ ಇಲ್ಲೂ ಕೇಳಿಸುತ್ತೆ” ಎಂದಳು ಮಗಳು. ಪರೀಕ್ಷೆ ಮುಗಿಯುವವರೆಗೆ ಸಂಜೆ ನಮ್ಮ ಮನೆಯಲ್ಲಿ ಟಿ.ವಿ. ಬಂದ್. ಕೋಣೆಯನ್ನು ಆಚಾರ್ರು ಮಾಡಿಕೊಟ್ಟರು. ಸದ್ದಡಗಿಸುವುದು ಹೆತ್ತವರ ಪಾಲಿನ ಕೆಲಸ.